ಕರಿಗಲ್ಲ ಕೋಡನ್ನು ಮೊದಲು ಹತ್ತಿದವನು

ಜುನ್ನರದ ಆಚೆಗಿನ ಆ ಪುಟ್ಟ ಕರಿಗಲ್ಲ ಕೋಡನ್ನು ಯಾರೂ ಹತ್ತಿರಲಿಲ್ಲ. ಒಟ್ಟಿಗೇ ಮೊದಲು ಹತ್ತೋಣವೆಂದು ನನ್ನನ್ನು ಅಣ್ಣನಂತೆ 'ದಾದಾ' ಎಂದು ಕರೆಯುವ, ಬಂಡೆ ಹತ್ತುವುದರಲ್ಲಿ ನನ್ನ ಶಿಷ್ಯನಾದ ಹೇರಂಬನಿಗೆ ಮಾತ್ರ ಹೇಳಿದ್ದೆ. ಶುಕ್ರವಾರ ಮಧ್ಯಾಹ್ನ ಪುಣೆಯ ನನ್ನ ಮನೆಯಲ್ಲಿ ಅವಲಕ್ಕಿ ಒಗ್ಗರಣೆಯ ಪೋಹೆ ತಿನ್ನುತ್ತಾ ಭಾನುವಾರದ ಏರ್ಪಾಡಿಗೆ ಕೂತೆವು.

"ಹಗ್ಗ ತೆಗಿಯೋ, ಸವೆದಿದೆಯಾ ನೋಡೋಣ," ಅಂದೆ.

"ಅದು ಕೋಡಿನ ಹತ್ರಾನೇ ಇದೆಯಲ್ಲ ದಾದಾ. ಹೋದ ಭಾನುವಾರ ಹೋಗಿದ್ವಲ್ಲ."

ತಟ್ಟೆ ಕೆಳಗಿಟ್ಟೆ. "ನನ್ನ ಬಿಟ್ಟು ಯಾರ ಜೊತೆ ಹೋದ್ಯೋ, ದ್ರೋಹಿ?"

"ನಿನ್ನ ಜೊತೇನೇ! ನೀನು ಹತ್ತಿದೆ, ನಾನು ಕೆಳಗೆ ಹಗ್ಗ ಹಿಡಿದಿದ್ದೆ. ಇಡೀ ದಿನ ಒಂದು ಮಾತೂ ಆಡ್ಲಿಲ್ಲ ನೀನು. ಕೈ ಮುಟ್ಟಿದ್ರೆ ಮಂಜುಗಡ್ಡೆ."

ಆ ಭಾನುವಾರ ನಾನು ಸೊಲ್ಲಾಪುರದ ತಂಗಿಯ ಮನೆಯಲ್ಲಿ ಜ್ವರ ಬಂದು ಮಲಗಿದ್ದೆ.

"ಆಮೇಲೆ ಇಳಿದೆನಾ?"

ಹೇರಂಬ ತಟ್ಟೆ ನೋಡಿದ. "ಇಲ್ಲ. ಸಂಜೆವರೆಗೂ ಕೂಗಿದೆ. ಹೆದರಿಕೆಯಾಗಿ ಹಗ್ಗದ ತುದಿ ಮರಕ್ಕೆ ಕಟ್ಟಿ ಬಂದ್ಬಿಟ್ಟೆ. ಮೊನ್ನೆ ನೀನೇ ಫೋನ್ ಮಾಡಿದಾಗ ಜೀವ ಬಂತು."

"ಅಂದ್ರೆ ನನ್ನನ್ನ ಮೇಲೇ ಬಿಟ್ಟುಬಂದು, ಈಗ ನನ್ನ ಮನೇಲೇ ಪೋಹೆ ಮುಕ್ಕುತ್ತಿದ್ದೀಯಾ?"

"ಕ್ಷಮಿಸು ದಾದಾ," ಅಂದ. ತಟ್ಟೆ ಮಾತ್ರ ಬಿಡಲಿಲ್ಲ.

ಭಾನುವಾರ ಇಬ್ಬರೂ ಹೋದೆವು. ಉರಿಬಿಸಿಲು, ಒಂದು ಎಲೆಯೂ ಅಲುಗುತ್ತಿರಲಿಲ್ಲ. ಕೋಡಿನ ನೆತ್ತಿಯಿಂದ ಮರದವರೆಗೆ ಹಗ್ಗ ತಂತಿಯಂತೆ ಬಿಗಿದಿತ್ತು. ಕೋಪದಲ್ಲಿ ನಾನೇ ಗಂಟು ಬಿಚ್ಚಿದೆ. ಅದು ಕೆಳಗೆ ಬೀಳಲಿಲ್ಲ. ಹತ್ತಿ ಮುಗಿಸಿದವರು ಸೇದಿಕೊಳ್ಳುವಂತೆ, ಒಂದೊಂದೇ ಮೊಳ, ಪೂರಾ ಮೇಲಕ್ಕೆ ಹೋಯಿತು.