ತೊಂಬತ್ತೈದಕ್ಕೆ ಮಾರಿದ ಷೇರು

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ದೂರು ಬಂತು. ತಂದವಳು ಕೃತಕ ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಹೆಂಗಸು. ಉಗುರಿನ ಸಂದಿಯಲ್ಲಿ ಇನ್ನೂ ಗುಲಾಬಿ ಮೇಣವಿತ್ತು. ಜೊತೆಗೆ ಬಂದವರು ಆಕೆಗೆ ಷೇರು ವ್ಯವಹಾರ ಕಲಿಸಿದ ಮೇಷ್ಟ್ರು. ಇನ್‌ಸ್ಪೆಕ್ಟರು ಅಷ್ಟು ಹೊತ್ತಿಗೆ ಎರಡು ಜಗಳ, ಒಂದು ಸೈಕಲ್ ಕಳವು ಕೇಳಿ ಮುಗಿಸಿದ್ದರು. ಷೇರು ಎಂಬ ಮಾತು ಕಿವಿಗೆ ಬಿದ್ದದ್ದೇ ಕುರ್ಚಿಯಲ್ಲಿ ಇನ್ನಷ್ಟು ಕುಸಿದರು.

"ಯಾರ ಮೇಲೆ ದೂರು?"

"ಬ್ರೋಕರ್ ಕಂಪನಿ ಮೇಲೆ ಸಾರ್. ಆ್ಯಪ್‌ನಲ್ಲಿ ನನ್ನ ದುಡ್ಡು ಕಾಣುತ್ತೆ. ತೆಗೆಯೋಕೆ ಹೋದ್ರೆ ಪರಿಶೀಲನೆಯಲ್ಲಿದೆ ಅನ್ನುತ್ತೆ. ತಿಂಗಳಿಂದ ಅದೇ ರಾಗ."

"ಯಾತಕ್ಕೆ ಕೂಡಿಟ್ಟ ದುಡ್ಡು?"

"ನಂದೇ ಒಂದು ಲ್ಯಾಬ್ ಹಾಕೋಕೆ. ಕೋಣೆ ನೋಡಿ ಮಾತು ಕೊಟ್ಟಿದೀನಿ. ತಿಂಗಳ ಕೊನೇಲಿ ಮುಂಗಡ ಕೊಡದಿದ್ರೆ ಬೇರೆಯವ್ರ ಪಾಲು."

"ಮೇಷ್ಟ್ರೇ, ನಿಮ್ದೂ ಹೋಯ್ತಾ?"

"ನಂದು ಹಾಳಾಗ್ಲಿ ಸಾರ್. ನನ್ನ ಮಾತು ನಂಬಿ ಸೇರಿದೋರು ಇವರೆಲ್ಲ. ಅದಕ್ಕೇ ಹೊಟ್ಟೆ ಉರೀತಿದೆ."

FIR ದಾಖಲಾಯಿತು. ಮಧ್ಯಾಹ್ನ ಇನ್‌ಸ್ಪೆಕ್ಟರು ದೂರುದಾರಳನ್ನೂ ಕರೆದುಕೊಂಡು ಮೇಷ್ಟ್ರ ತರಗತಿಯ ಪಂಚನಾಮೆಗೆ ಹೊರಟರು. ಜೊತೆಗೆ ಬಾಗಿಲಿಗೆ ತಲೆ ತಾಗಿಸಿಕೊಳ್ಳದೆ ಒಳಗೆ ಬರಲಾಗದ ಕಾನ್‌ಸ್ಟೇಬಲ್. ಠಾಣೆಯಲ್ಲಿ ಎಲ್ಲರಿಗೂ ಅವನು ಉದ್ದಣ್ಣ. ತರಗತಿ ಲಾಂಡ್ರಿಯ ಮೇಲಿನ ಮಹಡಿಯಲ್ಲಿತ್ತು. ನೆಲ ಕಾಲಿಗೆ ಬೆಚ್ಚಗಾಗುತ್ತಿತ್ತು, ಕಿಟಕಿಯ ಗಾಜು ಹಬೆಯಿಂದ ಮಸುಕಾಗಿತ್ತು. ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: 'ಮೊದಲು ಬ್ರೋಕರ್ ನೋಂದಣಿ ನೋಡಿ, ಆಮೇಲೆ ದುಡ್ಡು ಹಾಕಿ.'

"ನೋಡಿದ್ರಾ?" ಇನ್‌ಸ್ಪೆಕ್ಟರು ಆಕೆಯನ್ನು ಕೇಳಿದರು.

"ನೋಡಿದ್ವಿ ಸಾರ್. ಆ್ಯಪ್‌ನಲ್ಲಿದ್ದ ನಂಬರ್‌ನ ಸರ್ಕಾರಿ ವೆಬ್‌ಸೈಟಲ್ಲಿ ಹಾಕಿ ಮೇಷ್ಟ್ರೇ ತೋರಿಸಿದ್ರು. ಚಾಲ್ತಿಯಲ್ಲಿದೆ ಅಂತ ಹಸಿರು ಗುರುತು ಬಂತು."

"ಹಸಿರು ಗುರುತಿನ ಪಕ್ಕ ಹೆಸರು ಯಾರದಿತ್ತು?"

ಹೆಸರನ್ನು ಆಕೆ ನೋಡಿರಲಿಲ್ಲ. ಅಲ್ಲಿಯೇ ನಿಂತು ಉದ್ದಣ್ಣ ಮೊಬೈಲಿನಲ್ಲಿ ನೋಡಿದ. ನಂಬರು ಅಸಲಿಯೇ. ಆದರೆ ಅದು ಬೇರೊಂದು ಬ್ರೋಕರ್ ಸಂಸ್ಥೆಯದು.

ಮಾರನೆಯ ದಿನ ಪೊಲೀಸರಿಬ್ಬರೂ ಆಕೆಯ ಫೋನ್ ಹಿಡಿದು ಆ ಅಸಲಿ ಸಂಸ್ಥೆಗೆ ಹೋದರು. ನಿಯಮಪಾಲನೆ ನೋಡಿಕೊಳ್ಳುವ ಅಧಿಕಾರಿಣಿ ಕನ್ನಡಕ ಏರಿಸಿ ದೂರುದಾರಳ ಆ್ಯಪನ್ನು ಜಾಲಾಡಿದರು.

"ಇವರು ನಮ್ಮ ಗ್ರಾಹಕರೇ ಅಲ್ಲ. ಷೇರು ಕೊಂಡಿದ್ದು ನಿಜವಾದ್ರೆ ಅದು ಇವರ ಹೆಸರಿನ ಡಿಮ್ಯಾಟ್ ಖಾತೆಗೆ ಬರ್ಬೇಕು, ಷೇರುಗಳ ಲೆಕ್ಕ ಇಡೋ ಡಿಪಾಸಿಟರಿಯಿಂದ ಮೆಸೇಜೂ ಬರ್ಬೇಕು. ಬಂದಿದೆಯಾ?"

"ಇಲ್ಲ," ಎಂದ ಉದ್ದಣ್ಣ ಫೋನಿನ ಮೆಸೇಜುಗಳನ್ನು ನೋಡಿ.

"ಹಾಗಾದ್ರೆ ಇದು ಬರೀ ಬೊಂಬೆಯಾಟ." ಅಷ್ಟು ಹೇಳಿ ಅವರು ಒಂದು ಸಾಲಿನ ಮೇಲೆ ಬೆರಳಿಟ್ಟು ನಿಂತರು. "ಇದೊಂದು ನೋಡಿ. ನೂರಕ್ಕೆ ಕೊಂಡಿದಾರೆ. ತೊಂಬತ್ತೈದಕ್ಕೆ ಇಳಿದ್ರೆ ಮಾರಿಬಿಡು ಅಂತ ಸ್ಟಾಪ್ ಲಾಸ್ ಹಾಕಿದಾರೆ. ಸರಿಯಾಗಿ ತೊಂಬತ್ತೈದಕ್ಕೇ ಮಾರಿದೆ."

"ಒಳ್ಳೇದೇ ಆಯ್ತಲ್ಲ," ಎಂದ ಉದ್ದಣ್ಣ.

"ಒಳ್ಳೇದಾಗೋಕೆ ಸಾಧ್ಯವಿಲ್ಲ. ಆ ಷೇರು ಹಿಂದಿನ ಸಂಜೆ ನೂರಕ್ಕೆ ಮುಗಿದಿತ್ತು. ಬೆಳಿಗ್ಗೆ ಕೆಟ್ಟ ಸುದ್ದಿ ಬಂದು ಎಂಬತ್ತಕ್ಕೇ ತೆರೀತು, ಮೇಲೆ ಬರ್ಲೇ ಇಲ್ಲ. ತೊಂಬತ್ತೈದಕ್ಕೆ ಕೊಳ್ಳೋರು ಒಬ್ಬರೂ ಇರ್ಲಿಲ್ಲ. ನಿಜವಾದ ಮಾರುಕಟ್ಟೇಲಿ ಎಂಬತ್ತರ ಹತ್ರ ಮಾರಿಹೋಗಿರೋದು."

ಇನ್‌ಸ್ಪೆಕ್ಟರು ತಮ್ಮ ಕಾಲೇಜು ನೆನೆದರು. ಭೌತಶಾಸ್ತ್ರ ಓದಿದ ಕಾಲದಲ್ಲಿ, ದೋಷವೇ ಇಲ್ಲದ ಅಳತೆ ಬಂದರೆ ಗುರುಗಳು ಮೊದಲು ಹುಡುಗರನ್ನೇ ಅನುಮಾನಿಸುತ್ತಿದ್ದರು. ವಂಚಕರು ಗ್ರಾಹಕರಿಗೆ ನಷ್ಟ ತೋರಿಸಿ ದುಡ್ಡು ನುಂಗುವುದನ್ನು ಇನ್‌ಸ್ಪೆಕ್ಟರು ಕಂಡಿದ್ದರು. ಬೀಳುವವರನ್ನು ಅರ್ಧದಲ್ಲಿ ಹಿಡಿದು ನಿಲ್ಲಿಸುವ ವಂಚಕನನ್ನು ಕಂಡಿರಲಿಲ್ಲ.

ಶುಕ್ರವಾರ ಬ್ಯಾಂಕಿನ ಉತ್ತರ ಬಂತು. ದುಡ್ಡು ಹೋಗಿದ್ದ ಖಾತೆ, ಬಾಗಿಲು ಹಾಕಿ ಏಳು ವರ್ಷವಾದ ಒಂದು ಟೈಲರಿಂಗ್ ಅಂಗಡಿಯದು. ಒಡತಿ ಮೇಷ್ಟ್ರ ಹೆಂಡತಿ. ಖಾತೆ ನಡೆಸುವ ಅಧಿಕಾರ ಗಂಡನಿಗಿತ್ತು.

ಸಂಜೆ ಮೇಷ್ಟ್ರನ್ನು ಠಾಣೆಗೆ ಕರೆಸಿದರು. ಖಾತೆಯ ಮಾತು ಎತ್ತುವ ಮೊದಲು ಇನ್‌ಸ್ಪೆಕ್ಟರು ಒಂದು ಪಾಠ ಕೇಳಿದರು.

"ಸ್ಟಾಪ್ ಲಾಸ್ ತೊಂಬತ್ತೈದಕ್ಕಿದೆ. ಷೇರು ಎಂಬತ್ತಕ್ಕೆ ತೆರೀತು. ಎಷ್ಟಕ್ಕೆ ಮಾರುತ್ತೆ?"

"ಎಂಬತ್ತರ ಆಸುಪಾಸು. ಸ್ಟಾಪ್ ಲಾಸ್ ಅನ್ನೋದು ವಿನಂತಿ, ಅಷ್ಟೆ. ಯಾರೂ ಭರವಸೆ ಕೊಟ್ಟಿರಲ್ಲ." ಮೇಷ್ಟ್ರು ಥಟ್ಟನೆ ಹೇಳಿದರು. ಹೇಳಿ ಮುಗಿಸಿದ ಮೇಲೆ ಮುಖ ಬಿಳಿಚಿತು.

"ನಿಮ್ಮ ತರಗತೀಲಿ ಎಲ್ಲರಿಗೂ ತೊಂಬತ್ತೈದೇ ಬಂತಲ್ಲ ಮೇಷ್ಟ್ರೇ. ನಿಮಗೆ ಯಾಕೆ ಅನುಮಾನ ಬರ್ಲಿಲ್ಲ?"

ಇನ್‌ಸ್ಪೆಕ್ಟರು ಬ್ಯಾಂಕಿನ ಉತ್ತರವನ್ನು ಮೇಷ್ಟ್ರ ಮುಂದೆ ಸರಿಸಿದರು.

"ಮೊದಲು ಆಟದ ದುಡ್ಡಲ್ಲಿ ಕಲಿಸೋಕೇ ಮಾಡಿದ ಆ್ಯಪ್ ಅದು. ಒಬ್ಬರು ನಿಜವಾದ ದುಡ್ಡು ತಂದು ಕೈಗಿಟ್ರು. ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಆಮೇಲೆ ಒಬ್ಬರದ್ದು ಎತ್ತಿ ಇನ್ನೊಬ್ಬರಿಗೆ ಕೊಡ್ತಾ, ಮನೆ ಖರ್ಚಿಗೂ ಬಳಸ್ತಾ ಬಂದೆ."

"ಆ ತೊಂಬತ್ತೈದು?"

"ಏಳು ವರ್ಷದ ಹಿಂದೆ ಹೆಂಡತಿ ಅಂಗಡಿ ದುಡ್ಡೆಲ್ಲ ನಾನೇ ಷೇರಿಗೆ ಹಾಕಿದ್ದೆ ಸಾರ್. ಸ್ಟಾಪ್ ಲಾಸ್ ಇದೆಯಲ್ಲ ಅಂತ ಧೈರ್ಯ. ಬೆಳಿಗ್ಗೆ ಅದನ್ನ ದಾಟ್ಕೊಂಡು ಪಾತಾಳಕ್ಕೇ ತೆರೀತು. ಅವಳು ಹೊಲಿಗೆ ಮೆಷಿನ್ ಮಾರುವಾಗಲೂ ನಂಗೊಂದು ಮಾತು ಅನ್ನಲಿಲ್ಲ. ನನ್ನ ಮಾರುಕಟ್ಟೇಲಿ ಯಾರೂ ಹಾಗೆ ಬೀಳೋದು ಬೇಡ ಅನ್ನಿಸ್ತು."

"ನಿಮ್ಮ ಮಾರುಕಟ್ಟೇಲಿ ಕೊಳ್ಳೋರೇ ಇರ್ಲಿಲ್ಲ," ಎಂದರು ಇನ್‌ಸ್ಪೆಕ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಯಾಸವಿತ್ತು. ಆರೂಕಾಲಿಗೆ ದಸ್ತಗಿರಿ ದಾಖಲಾಯಿತು.

ಹೊರಗೆ ಬೆಂಚಿನ ಮೇಲೆ ಆಕೆ ಕಾಯುತ್ತಿದ್ದಳು. ಖಾತೆಯಲ್ಲಿ ಉಳಿದದ್ದು ಅಲ್ಪ, ಅದೂ ಕೋರ್ಟಿನ ಆದೇಶದ ತನಕ ಮುಟ್ಟುವಂತಿಲ್ಲ ಎಂದು ಇನ್‌ಸ್ಪೆಕ್ಟರು ಹೇಳಿದರು. ಯಾರನ್ನು ಹಿಡಿದದ್ದು ಎಂದೂ ಹೇಳಿದರು.

"ಅವತ್ತು ತೊಂಬತ್ತೈದು ಅಂತ ಬಂದಾಗ ಮೇಷ್ಟ್ರು ಎಲ್ಲರ ಬೆನ್ನು ತಟ್ಟಿದ್ರು," ಎಂದಳು ಆಕೆ. "ನಮಗಿಂತ ಅವರಿಗೇ ಸಂತೋಷ." ಆಮೇಲೆ ಕೇಳಿದಳು, "ಸಾರ್, ಕೋಣೆ ಯಜಮಾನರಿಗೆ ನೀವೇ ಒಂದು ಮಾತು ಹೇಳ್ತೀರಾ? ಬೇರೆಯವ್ರಿಗೆ ಕೊಡೋದಾದ್ರೆ ಕೊಡ್ಲಿ. ನಾನು ಸುಳ್ಳು ಹೇಳಿ ಆಟ ಆಡಿಸಿದೋಳಲ್ಲ ಅಂತ ಗೊತ್ತಾದ್ರೆ ಸಾಕು."

ಅದು ಪೊಲೀಸರ ಕೆಲಸವಲ್ಲ. ಇನ್‌ಸ್ಪೆಕ್ಟರು ಟೋಪಿ ತೆಗೆದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, ನಂಬರ್ ಹೇಳಿ ಎಂದರು.