ಬೀಗರ ಹಾಡಿನ ಮೇಲೆ ವಾಲಗ

“ಜಟ್ಟಿಂಗಣ್ಣ, ನಮ್ಮಮ್ಮನ ದನಿ ಯಾರೋ ಕದ್ದಿದಾರೆ,” ಎಂದಳು ಕುಮುದಾ, ಚಪ್ಪಲಿ ಬಿಡುವ ಮೊದಲೇ.

ಸಾಗರದ ನಮ್ಮ ಮೈಕ್‌ಸೆಟ್ ಅಂಗಡಿಗೆ ಆಗಲೇ ಮದುವೆಗೆ ಮೈಕ್ ಹೇಳಿ ಬರುವವರು ಕಡಿಮೆಯಾಗಿ, ಇಂಥ ತೊಡಕು ಹೊತ್ತು ಬರುವವರು ಹೆಚ್ಚಾಗಿದ್ದರು. ಮೂವತ್ತು ವರ್ಷ ನಾನು ಮರ ಹತ್ತಿ ಹಾರ್ನ್ ಕಟ್ಟಿದ್ದೆ. ಜಟ್ಟಿಂಗಪ್ಪ ಕೆಳಗೆ ಆಂಪ್ಲಿಫೈಯರ್ ಮುಂದೆ ಕೂತು ಕಿವಿಗೊಟ್ಟಿದ್ದ. ಕೇಳಿ ಕೇಳಿ ಅವನ ಕಿವಿಗೆ ಜನ ನುಂಗಿಕೊಂಡ ಮಾತೂ ಸಿಕ್ಕುತ್ತಿತ್ತು.

“ಕೂತ್ಕೋ. ಮೊದಲಿಂದ ಹೇಳು.”

ಕುಮುದಾ ನಿಟ್ಟೂರಿನ ಅಂಗನವಾಡಿ ಟೀಚರ್. ಅವಳ ತಾಯಿ ಹುಲಿಯಮ್ಮ ತೀರಿಕೊಂಡು ಒಂದು ವರ್ಷವಾಗಿತ್ತು. ಹುಲಿಯಮ್ಮ ಹಾಡಿದ್ದು ಉಳಿದಿದ್ದು ಒಂದೇ ಕಡೆ, ಹದಿನಾಲ್ಕು ವರ್ಷದ ಹಿಂದಿನ ಕುಮುದಾಳ ಮದುವೆಯ ಡಿವಿಡಿಯಲ್ಲಿ. ಊಟದ ಪಂಕ್ತಿಯಲ್ಲಿ ಬೀಗಿತ್ತಿಯನ್ನು ಛೇಡಿಸಿ ಹಾಡಿದ ಬೀಗರ ಹಾಡು. ಆದರೆ ಚಪ್ಪರದ ಹಿಂದಿನ ಜನರೇಟರ್ ಸದ್ದು ಅದರ ಮೇಲೆಲ್ಲ ಕೂತು, ಜೇನುಗೂಡಿನ ಒಳಗಿಂದ ಹಾಡಿದ ಹಾಗೆ ಕೇಳುತ್ತಿತ್ತು. ತೀರ್ಥಹಳ್ಳಿಯ ಸ್ಟುಡಿಯೋದ ದಿನೇಶ, ಚಿತ್ರದಿಂದ ಸೌಂಡ್ ಬೇರೆ ಮಾಡಿ, ಜನರೇಟರ್ ಸದ್ದು ತೆಗೆದು, ಮತ್ತೆ ಕೂಡಿಸಿ ಹೊಸ ಡಿಸ್ಕ್ ಮಾಡಿಕೊಡುತ್ತೇನೆ ಎಂದಿದ್ದ.

“ವರ್ಷದ ದಿನ ಎಲ್ಲರ ಮುಂದೆ ಹಾಕಿದ್ವಿ. ಅಮ್ಮ ಬಾಯಿ ಆಡಿಸ್ತಾಳೆ, ಕೇಳೋದು ವಾಲಗ! ಕೊನೇ ಸಾಲೊಂದು ಮಾತ್ರ ಅವಳ ದನೀಲಿದೆ.”

“ಹಳೇ ಡಿಸ್ಕು?”

“ಬರೋವಾಗ ಬಸ್ಸಲ್ಲಿ ಮುರೀತಂತೆ.”

“ಕೊಟ್ಟು ಬಂದೋರು ಯಾರು, ತಂದೋರು ಯಾರು?”

“ತೀರ್ಥಹಳ್ಳಿಗೆ ಕಣ್ಣು ತೋರಿಸಕ್ಕೆ ಹೋದಾಗ ಅತ್ತೆ ಕೊಟ್ಟು ಬಂದ್ರು. ಆ ದಾರಿ ಬಸ್ಸಲ್ಲೇ ಕಂಡಕ್ಟರ್ ಆಗಿರೋ ನನ್ನ ತಮ್ಮ ಕುಮಾರ ತಂದ. ನಮ್ಮನೆಯವರು ಲಾರಿ ತಗೊಂಡು ಹೋಗಿದ್ರು, ಆ ತಿಂಗಳು ಊರಲ್ಲೇ ಇರ್ಲಿಲ್ಲ.” ಅವಳು ಸೆರಗು ಹಿಂಡಿದಳು. “ಆ ಹಾಡು ಅತ್ತೆ ಮೇಲೇ ಅಣ್ಣ. ಅವರದೇ ಕೆಲಸ. ಇಪ್ಪತ್ತು ದಿನ ಆಯ್ತು ನಾನು ಮಾತು ಬಿಟ್ಟು. ಅಮ್ಮನ ದನಿ ಸಿಗದಿದ್ರೆ ಆ ಮನೇಲಿ ನಾನು ಹ್ಯಾಗೆ ಇರಲಿ?”

ಅಲ್ಲಿಂದ ನಾವು ಹೋಗಿದ್ದು ತೀರ್ಥಹಳ್ಳಿಗೆ. ದಿನೇಶ ನಮ್ಮನ್ನು ಕಂಡವನೇ ಹೆಡ್‌ಫೋನ್ ಕೆಳಗಿಟ್ಟ.

“ಮನೆಯೋರು ಬಂದು ಇಲ್ಲೇ ಕೂತು ಕೇಳಿದ್ರು. ಹೇಳಿದ ಹಾಗೆ ವಾಲಗ ಹಾಕಿಕೊಟ್ಟೆ. ಯಾರು ಅಂತ ಮಾತ್ರ ಕೇಳ್ಬೇಡಿ, ಮಾತು ಕೊಟ್ಟಿದೀನಿ.”

“ಕೇಳಲ್ಲ ಮಾರಾಯ. ಎಲ್ಲಿಂದ ಎಲ್ಲಿವರೆಗೆ ಹಾಕು ಅಂದ್ರು, ಅದನ್ನ ಹೇಳು.”

“ಸೆಕೆಂಡು ಲೆಕ್ಕ ಮಾಡಿ ಹೇಳಿದ್ರು. ಅದಕ್ಕಿಂತ ಒಂಚೂರೂ ಹೆಚ್ಚು ಬೇಡ ಅಂದ್ರು.”

ಮರುದಿನ ನಿಟ್ಟೂರಲ್ಲಿ ಕುಮುದಾಳ ಅತ್ತೆ ತುಂಗಮ್ಮ ನಮಗೆ ಕಾಫಿ ಕೊಟ್ಟು ಎದುರಿಗೇ ಕೂತರು.

“ಹಾಡಲ್ಲಿ ಬೈಸಿಕೊಂಡಿದ್ದಕ್ಕೆ ಸಿಟ್ಟು ಬಂದಿರಬೇಕಲ್ಲ ನಿಮಗೆ?” ಎಂದ ಜಟ್ಟಿಂಗಪ್ಪ.

“ಸಿಟ್ಟಾ! ಬೈಸಿಕೊಳ್ಳದ ಬೀಗಿತ್ತಿ ಎಂತ ಬೀಗಿತ್ತಿ? ‘ಹೊಳೆ ದಾಟಿ ಬಂದಳು ಬೀಗಿತ್ತಿ, ಕಡುಬು ಕಂಡು ದಾರಿಯ ಮರೆತಳು’ ಅಂದಾಗ ನಕ್ಕು ನಕ್ಕು ಅನ್ನ ನೆತ್ತಿಗೇರಿತ್ತು. ಹಾಡದೆ ಬಿಟ್ಟಿದ್ರೆ ನಮ್ಮ ಕಡೆಯೋರು ಮುನಿಸಿಕೊಂಡು ಎದ್ದು ಹೋಗ್ತಿದ್ರು.” ಮುದುಕಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಆದ್ರೆ ಕುಮುದಾ ನಾನೇ ಮಾಡಿಸಿದ್ದು ಅಂತಾಳೆ. ಅನ್ಲಿ. ತಾಯಿ ಹೋದ ಸಂಕಟ.”

ಜಟ್ಟಿಂಗಪ್ಪ ಡಿಸ್ಕ್ ಹಾಕಿಸಿಕೊಂಡು ನೋಡಿದ. ಹುಲಿಯಮ್ಮ ಹಾಡುವಾಗ ಪರದೆಯ ಎಡಗಡೆ, ಕ್ಯಾಮೆರಾಕ್ಕೆ ತೀರಾ ಹತ್ತಿರ, ಮಡಚಿದ ನೀಲಿ ಚೌಕಳಿ ಅಂಗಿಯ ತೋಳೊಂದು ಕಾಣುತ್ತಿತ್ತು. ಮುಖವಿಲ್ಲ. ಅದನ್ನು ನಾಲ್ಕು ಸಲ ನೋಡಿದ ಮೇಲೆ ನನ್ನ ಕಡೆ ತಿರುಗಿ, “ಅಂಜನಪ್ಪ, ಡಿಸ್ಕ್ ಹಿಂದಕ್ಕೆ ಓಡಿಸು, ಧಾರೆಯಾದ ಮೇಲೆ ಅರಳು ಹಾಕ್ತಾರಲ್ಲ, ಅಲ್ಲಿಗೆ,” ಎಂದ. ನೋಡಿದವನೇ ಟಿವಿ ಆರಿಸಿದ. “ಈ ಕೆಲಸ ಒಪ್ಪಿಕೊಳ್ಳಬಾರದಿತ್ತು ಕಣೋ,” ಎಂದ ಆಮೇಲೆ.

ಭಾನುವಾರ ಬೆಳಿಗ್ಗೆ ಅದೇ ಜಗಲಿಯಲ್ಲಿ ಎಲ್ಲರೂ ಸೇರಿದರು. ಕುಮುದಾ ಒಂದು ಮೂಲೆ, ತುಂಗಮ್ಮ ಇನ್ನೊಂದು ಮೂಲೆ. ಕುಮಾರ ಡ್ಯೂಟಿ ಅಂಗಿಯಲ್ಲೇ ಬಂದಿದ್ದ. ದಿನೇಶ ಲ್ಯಾಪ್‌ಟಾಪ್ ತಂದಿದ್ದ.

“ಹಾಡು ಬೇಡ ಅನ್ನೋರು ಹಾಡನ್ನ ಪೂರಾ ಮುಚ್ತಾರೆ,” ಎಂದು ಶುರುಮಾಡಿದ ಜಟ್ಟಿಂಗಪ್ಪ. “ಇಲ್ಲಿ ಕೊನೇ ಸಾಲು ಬಿಟ್ಟಿದಾರೆ. ಯಾಕೆ? ಪರದೆ ನೋಡಿ. ನೀಲಿ ತೋಳು ಇರೋವರೆಗೆ ವಾಲಗ. ತೋಳು ಆಚೆ ಹೋಯ್ತು, ವಾಲಗ ನಿಲ್ತು. ಮುಚ್ಚಿದ್ದು ಹಾಡನ್ನಲ್ಲ, ಆ ತೋಳಿನವನು ಆಡಿದ ಮಾತನ್ನ. ಕ್ಯಾಮೆರಾದ ಮೈಕು ಹತ್ತಿರ ಇದ್ದೋರ ಮಾತನ್ನೇ ಮೊದಲು ಹಿಡಿಯೋದು. ಇಷ್ಟು ವರ್ಷ ಜನರೇಟರ್ ಸದ್ದು ಅದನ್ನ ಮುಚ್ಚಿಟ್ಟಿತ್ತು. ದಿನೇಶ ಸದ್ದು ತೆಗೆದ, ಮಾತು ಮೇಲೆ ಬಂತು.”

“ತೋಳು ಯಾರದ್ದು?” ಕುಮುದಾ ಕೇಳಿದಳು.

“ಅತ್ತೆಗೆ ಅದನ್ನ ಕೇಳಕ್ಕೆ ಅವಕಾಶವೇ ಇರ್ಲಿಲ್ಲ. ಕೊಟ್ಟು ಬಂದಾಗ ಸದ್ದು ಇನ್ನೂ ತೆಗೆದಿರ್ಲಿಲ್ಲ. ತೆಗೆದ ಮೇಲೆ ಸ್ಟುಡಿಯೋಕ್ಕೆ ಹೋದೋನು ಒಬ್ಬನೇ. ಮದುಮಗಳ ಕೈಗೆ ಅರಳು ಹಾಕೋನು ಒಡಹುಟ್ಟಿದೋನು. ಅರಳು ಹಾಕಿದ ಕೈಗೂ ಅದೇ ನೀಲಿ ಚೌಕಳಿ ತೋಳು.” ಅವನು ಕುಮಾರನ ಕಡೆ ನೋಡಲಿಲ್ಲ. ಅಷ್ಟು ಸಣ್ಣ ದನಿಯಲ್ಲಿ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಕುಮಾರ ಟೋಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತಿದ್ದ.

“ಹಳೇ ಡಿಸ್ಕ್ ನಾನೇ ಮುರಿದೆ ಅಕ್ಕ. ಆಗ ಇಪ್ಪತ್ತು ವರ್ಷ ನಂಗೆ. ಕಾಲೇಜಿನ ಫ್ರೆಂಡ್ಸ್ ಬಂದಿದ್ರು. ಅಮ್ಮ ಪಂಕ್ತಿ ಮುಂದೆ ಕೈ ಬೀಸಿ ಹಾಡೋದು ನಾಚಿಕೆ ಆಯ್ತು.”

“ಎಂತ ಅಂದೆ?”

ಅವನು ದಿನೇಶನ ಲ್ಯಾಪ್‌ಟಾಪ್ ಕಡೆ ನೋಡಿದ. ಕೊನೆಯ ಎಂಟು ತಿಂಗಳು ಹುಲಿಯಮ್ಮನನ್ನು ಎತ್ತಿ ಸ್ನಾನ ಮಾಡಿಸಿದವನು ಅವನೇ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ದಿನೇಶ ಗಂಟಲು ಸರಿಮಾಡಿಕೊಂಡ. “ವಾಲಗ ಹಾಕೋ ಮೊದಲಿನದನ್ನ ಅಳಿಸು ಅಂದಿದ್ದ. ಹೋದೋರ ದನಿ, ಅಳಿಸಕ್ಕೆ ಕೈ ಬರ್ಲಿಲ್ಲ. ಆದ್ರೆ ಎರಡೂ ದನಿ ಒಂದರೊಳಗೊಂದು ಸೇರಿವೆ. ಅವರ ದನಿ ಬೇಕು ಅಂದ್ರೆ ಇವನ ಮಾತೂ ಬರುತ್ತೆ.”

“ಬೇಡ ಅಕ್ಕ,” ಎಂದ ಕುಮಾರ.

“ಹಾಕಿ ದಿನೇಶಣ್ಣ. ನಂಗೆ ಅಮ್ಮ ಬೇಕು.”

ಹುಲಿಯಮ್ಮನ ದನಿ ಜಗಲಿ ತುಂಬಿತು. ಕಂಚಿನಂಥ ದನಿ, ಅದರ ಪಕ್ಕದಲ್ಲೇ ಮೊದಲಿಂದಲೂ ಹುಡುಗರ ಕುಹಕದ ನಗು. ತುಂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಎರಡನೇ ಸಾಲಿನ ನಡುವೆ, ಕಿವಿಯ ಪಕ್ಕದಲ್ಲೇ ನಿಂತು ಹೇಳಿದಂತೆ, ಒಬ್ಬ ಹುಡುಗನ ದನಿ ಬಂತು: “ಈ ಮುದುಕಿಗೆ ಮರ್ಯಾದೆ ಇಲ್ಲ ಮಾರಾಯ. ಯಾವಾಗ ಸಾಯ್ತಾಳೋ.”

ಹುಲಿಯಮ್ಮನ ಹಾಡು ನಿಂತಿತು. ಜೊತೆಯ ಹೆಂಗಸರು ಒಂದಿಡೀ ಸಾಲು ಅವಳಿಲ್ಲದೆ ಹಾಡಿದರು. ಕೊನೆಯ ಸಾಲಿಗೆ ಅವಳ ದನಿ ಮತ್ತೆ ಬಂದು ಅವರೊಡನೆ ಕೂಡಿಕೊಂಡಿತು.

“ಅವಳಿಗೆ ಕೇಳಿತ್ತು ಅಕ್ಕ,” ಎಂದ ಕುಮಾರ. “ಹದಿಮೂರು ವರ್ಷ ನನ್ನ ಜೊತೆ ಇದ್ಲು, ಒಂದು ದಿನಾನೂ ಆಡಿ ತೋರಿಸ್ಲಿಲ್ಲ. ಸ್ಟುಡಿಯೋದಲ್ಲೇ ನಂಗೂ ಗೊತ್ತಾಗಿದ್ದು. ಸಾಧ್ಯ ಆದಷ್ಟು ಅವಳ ದನಿ ಉಳಿಸು ಅಂತ ದಿನೇಶನ ಕೈ ಹಿಡ್ಕೊಂಡೆ.”

ಕುಮುದಾ ಎದ್ದು ಅತ್ತೆಯ ಮುಂದೆ ಹೋಗಿ ಕೂತಳು. ತುಂಗಮ್ಮ ಅವಳ ತಲೆಯ ಮೇಲೆ ಕೈಯಿಟ್ಟರು. ಅವಳು ಅಲ್ಲಿಂದಲೇ, ತಿರುಗದೆ ಹೇಳಿದಳು:

“ಎರಡು ಕಾಪಿ ಮಾಡಿ ದಿನೇಶಣ್ಣ. ಒಂದು ನಂಗೆ, ಒಂದು ಇವನಿಗೆ.”

“ನಂಗೆ ಯಾಕೆ ಅಕ್ಕ?”

“ನಿನಗೂ ಅಮ್ಮನೇ ಅಲ್ವಾ.”

ಅವಳು ಅದನ್ನು ಶಿಕ್ಷೆಯಾಗಿ ಹೇಳಿದಳೋ ಪಾಲಾಗಿ ಹೇಳಿದಳೋ ನನಗೆ ತಿಳಿಯಲಿಲ್ಲ. ಜಟ್ಟಿಂಗಪ್ಪನಿಗೆ ತಿಳಿದಿರಬೇಕು, ಅವನು ಆಗಲೇ ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ.