ಬಂಡೆಯೊಳಗಿದ್ದ ಓಬಣ್ಣ

ಬಹಳ ಹಿಂದೆ, ಬೆಟ್ಟಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಕರಿಗಲ್ಲೂರು ಎಂಬ ರಾಜ್ಯವಿತ್ತು. ಅಲ್ಲಿ ಕಲ್ಲೊಡೆಯುವ ಓಬಣ್ಣನೂ ಅವನ ಹೆಂಡತಿ ಮಾಳವ್ವನೂ ಇದ್ದರು. ಒಂದು ದಿನ ಶೀತಕೇತು ಎಂಬ ಮಾಂತ್ರಿಕ ಬಂದು, ತನ್ನ ಮೂರ್ತಿ ಕೆತ್ತಿಕೊಡು ಎಂದ. "ನಿನ್ನ ಮುಖ ದಿನಾ ನೋಡೋಕೆ ಊರಿಗೇನು ಗ್ರಹಚಾರ?" ಎಂದು ಓಬಣ್ಣ ನಕ್ಕುಬಿಟ್ಟ. ಮಾಂತ್ರಿಕರ ಮುಂದೆ ನಗಬಾರದು. ನಕ್ಕ ಬಾಯಿ ನಕ್ಕ ಹಾಗೇ ಅವನು ಕಲ್ಲಾದ.

ಮೂರು ವರ್ಷ ಮಾಳವ್ವ ದಿನವೂ ಆ ಕಲ್ಲಿನ ಮುಂದೆ ಬುತ್ತಿ ಬಿಚ್ಚಿದಳು. ಎರಡು ರೊಟ್ಟಿ ತಂದು ಒಂದನ್ನೇ ತಿನ್ನುತ್ತಿದ್ದಳು. ಅವನ ಒಂದು ಮಾತು ಕೇಳುವ ಆಸೆಯಲ್ಲಿ ಅರ್ಧ ಒಣಗಿಹೋಗಿದ್ದಳು.

ಅವಳ ಅಳು ಕೇಳಿ ನೆಲದಡಿಯಿಂದ, ಬೆಂಕಿಯನ್ನೇ ಉಸಿರಾಡುವ ಬೆಂಕಿಯಾಮೆಯೊಂದು ಎದ್ದು ಬಂತು. "ತಾಯಿ, ಕಲ್ಲೆಂದರೆ ಕಣ್ಣಿಗೆ ಕಾಣದ ಕಣಗಳ ಗುಂಪು. ಒಂದರ ಕೈ ಒಂದು ಹಿಡಿದು ಸಾಲಾಗಿ ನಿಂತಿವೆ. ಈ ಸಾಲು ಆ ಮಾಂತ್ರಿಕ ಕಟ್ಟಿದ್ದು. ನಾನು ಮೂರು ಸಲ ಉಸಿರು ಬಿಡ್ತೀನಿ. ಕಾವಿಗೆ ಅವು ಕೈ ಬಿಡಬೇಕು. ನಿಧಾನಕ್ಕೆ ಆರಿದರೆ ತಮ್ಮ ತಮ್ಮ ಜಾಗ ಸೇರ್ತವೆ. ನೀರು ಮಾತ್ರ ತಾಕಿಸಬೇಡ" ಎಂದಿತು.

ಮೊದಲ ಉಸಿರಿಗೆ ಕಣಗಳು ನಿಂತಲ್ಲೇ ನಡುಗಿದವು. ಕಲ್ಲು ಹಿಗ್ಗಿ ಚಟಚಟ ಎಂದಿತು. ಕಾದ ಬಂಡೆ ಚಟಗುಟ್ಟಿದರೆ ನೀರು ಸುರಿದು ಸೀಳುವುದು ಕಲ್ಲೊಡೆಯುವವರ ರೂಢಿ. ಮಾಳವ್ವನ ಕೈ ತಾನಾಗಿಯೇ ಪಕ್ಕದಲ್ಲಿದ್ದ ನೀರಿನ ಕೊಡಕ್ಕೆ ಹೋಯಿತು, ಒಂದು ಬೊಗಸೆ ನೀರು ಕಲ್ಲಿನ ಮೇಲೆ ಬಿದ್ದೇಬಿಟ್ಟಿತು. ಟಪ್ಪೆಂದು ಕಲ್ಲು ಓಬಣ್ಣನ ಎಡಗಿವಿಯ ತುದಿ ಸಿಡಿಯಿತು. "ನನ್ನ ಕೈಗೆ ಬೆಂಕಿ ಬೀಳ!" ಎಂದು ಅವಳು ಕೊಡವನ್ನೇ ಒಡೆದುಹಾಕಿದಳು.

ಎರಡನೆಯ ಉಸಿರಿಗೆ ಕಲ್ಲು ಕೆಂಡದ ಬಣ್ಣಕ್ಕೆ ತಿರುಗಿತು. ಕಣಗಳ ಹಿಡಿತ ಸಡಿಲವಾಯಿತು. ಆಗ ಶೀತಕೇತು ಮರೆಯಲ್ಲಿ ನಿಂತು, ಓಬಣ್ಣನ ದನಿಯಲ್ಲೇ, "ಮಾಳೀ, ಉರಿ ತಡೀಲಾರೆ, ಹಳ್ಳದಿಂದ ನೀರು ತಾರೇ" ಎಂದು ಕೂಗಿದ. ಮೂರು ವರ್ಷ ಹಂಬಲಿಸಿದ ದನಿ! ಅವಳು ಕಿವಿ ಮುಚ್ಚಲಿಲ್ಲ. ಅಳುತ್ತಲೇ ಕಿವಿತುಂಬ ಕೇಳಿಸಿಕೊಂಡಳು, ನೀರು ಮಾತ್ರ ತರಲಿಲ್ಲ.

ಮೂರನೆಯದೇ ಕಷ್ಟ. ಕಣಗಳು ಕೈ ಬಿಟ್ಟವು. ಕಲ್ಲು ಕರಗಿ ಹರಿಯಿತು. ಮೊದಲು ಬೆರಳು, ಆಮೇಲೆ ಭುಜ, ಕೊನೆಗೆ ಆ ನಗು. ಅವಳಿಗೆ ಉಳಿದಿದ್ದದ್ದು ಆ ಮುಖವೊಂದೇ. 'ಸಾಕು, ಕಲ್ಲಾಗಿಯಾದರೂ ಇರಲಿ' ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡಳು. ಸಾಲು ಕಳಚಿದೊಡನೆ ಮಂತ್ರಕ್ಕೆ ಹಿಡಿಯಲು ಏನೂ ಉಳಿಯಲಿಲ್ಲ. ಆ ಮಂತ್ರದ ಬಲದಲ್ಲೇ ಬದುಕಿದ್ದ ಶೀತಕೇತು ಇಬ್ಬನಿಯಂತೆ ಆರಿಹೋದ.

"ಬೇಗ ಆರಿದರೆ ಗಾಜಾಗ್ತದೆ" ಎಂದಿತು ಆಮೆ. ಮಾಳವ್ವ ಕರಗಿದ ಕಲ್ಲಿನ ಮೇಲೆ ಬಿಸಿ ಬೂದಿ ಮುಚ್ಚಿ ಕೂತಳು. ಒಮ್ಮೆ ತೆಗೆದು ನೋಡಲೇ ಎಂದು ದಿನವೂ ಜೀವ ಹಾತೊರೆಯುತ್ತಿತ್ತು. ನೋಡಲಿಲ್ಲ. ಒಂಬತ್ತು ಹುಣ್ಣಿಮೆ ಕಳೆದವು.

ಬೂದಿ ಅಲುಗಿತು. ಓಬಣ್ಣ ಕೆಮ್ಮುತ್ತ ಎದ್ದು ಕೂತ.

"ಎಷ್ಟು ಕಾಯಿಸ್ತೀಯೇ, ಮಾಳೀ?" ಎಂದ.

"ನಾನಾ ಕಾಯಿಸಿದ್ದು?" ಎಂದವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಜ್ವರ ನೋಡುವವರಂತೆ ಅವನ ಹಣೆ ಮುಟ್ಟಿದಳು. ಬೆಚ್ಚಗಿತ್ತು, ಮನುಷ್ಯರ ಮೈ ಇರುವಷ್ಟೇ ಬೆಚ್ಚಗೆ. ಅಂದಿನಿಂದ ಆ ರಾಜ್ಯದಲ್ಲಿ ಎಲ್ಲರೂ ಸುಖವಾಗಿದ್ದರು, ಇವರಿಬ್ಬರು ಮಾತ್ರ ಒಂದು ತೂಕ ಹೆಚ್ಚು.